ನೆಟ್ಟಗಾಗುವುದು ಯಾರಿಗಾಗಿ?

ನಾವಾಡುವ ಮಾತನ್ನೇ ತುಸು ಗಮನಿಸಿ. ಒಬ್ಬನನ್ನು ಹೊಗಳಬೇಕಾದಾಗ ‘ಅವನದು ನೇರವಾದ ನಡೆ’ ಎನ್ನುತ್ತೇವೆ. ತೆಗಳಬೇಕಾದಾಗ ‘ಅವನ ಬುದ್ಧಿ ವಕ್ರ’ ಎನ್ನುತ್ತೇವೆ. ಮಾನವಂತನು ತಲೆಯೆತ್ತಿ ನಡೆಯುತ್ತಾನೆ, ಅಂಜುಬುರುಕನಿಗೆ ಬೆನ್ನೆಲುಬಿಲ್ಲ. ಸಂಸ್ಕೃತದಿಂದ ಬಂದ ‘ಋಜು’ ಎಂಬ ಶಬ್ದಕ್ಕೆ ನೆಟ್ಟಗಿರುವುದು ಎಂಬ ಅರ್ಥವೂ ಉಂಟು, ಪ್ರಾಮಾಣಿಕವಾದುದು ಎಂಬ ಅರ್ಥವೂ ಉಂಟು. ‘ಕುಟಿಲ’ ಎಂದರೆ ಬಾಗಿದುದೂ ಹೌದು, ವಂಚನೆಯದೂ ಹೌದು. ದೇಹದ ಆಕಾರಕ್ಕೂ ಮನಸ್ಸಿನ ಗುಣಕ್ಕೂ ಗಂಟುಹಾಕಿದ ಈ ಶಬ್ದಗಳನ್ನು ನಾವು ಯೋಚಿಸದೆ ಬಳಸುತ್ತೇವೆ. ಹುಟ್ಟಿನಿಂದಲೋ ರೋಗದಿಂದಲೋ ಬೆನ್ನು ಬಾಗಿದ ಮಗುವೊಂದು ಇವೇ ಶಬ್ದಗಳನ್ನು ಕೇಳುತ್ತ ಬೆಳೆಯುತ್ತದೆ ಎಂಬುದು ನಮಗೆ ಹೊಳೆಯುವುದಿಲ್ಲ.

ಕಾವ್ಯಗಳೂ ಇದಕ್ಕೆ ಹೊರತಲ್ಲ. ವಾಲ್ಮೀಕಿಯ ಮಂಥರೆ ಗೂನಿ. ರಾಮನನ್ನು ಕಾಡಿಗಟ್ಟುವ ಉಪಾಯವನ್ನು ಆಕೆ ಹೇಳಿಕೊಟ್ಟ ಮೇಲೆ ಕೈಕೇಯಿ ಅವಳ ಗೂನನ್ನೇ ಹೊಗಳುತ್ತಾಳೆ; ರಾಜನೀತಿಯೂ ಮಾಯೆಗಳೂ ಅದರಲ್ಲೇ ಮನೆಮಾಡಿವೆಯೆಂದು ಹೇಳಿ, ಅದಕ್ಕೆ ಚಿನ್ನದ ಮಾಲೆ ತೊಡಿಸುವೆನೆನ್ನುತ್ತಾಳೆ. ಇಂಗ್ಲೆಂಡಿನ ಷೇಕ್ಸ್‌ಪಿಯರನು ಮೂರನೆಯ ರಿಚರ್ಡ್ ದೊರೆಯ ಕೇಡಿಗತನಕ್ಕೆ ಅವನ ಗೂನುಬೆನ್ನನ್ನೇ ಸಾಕ್ಷಿಯಾಗಿ ನಿಲ್ಲಿಸಿದ. 2012ರಲ್ಲಿ ಲೆಸ್ಟರ್ ನಗರದಲ್ಲಿ ವಾಹನಗಳನ್ನು ನಿಲ್ಲಿಸುವ ಜಾಗವೊಂದರ ಕೆಳಗೆ ಆ ದೊರೆಯ ಅಸ್ಥಿಪಂಜರ ಸಿಕ್ಕಿತು. ಬೆನ್ನುಮೂಳೆ 65ರಿಂದ 85 ಡಿಗ್ರಿಯಷ್ಟು ಪಕ್ಕಕ್ಕೆ ಬಾಗಿದ್ದುದು ನಿಜ. ಆದರೆ ಆ ಬಾಗು ತನ್ನೊಳಗೇ ಸಮತೂಕವಾಗಿದ್ದುದರಿಂದ, ಒಂದು ಹೆಗಲು ತುಸು ಮೇಲೆದ್ದಿರುತ್ತಿತ್ತೇ ಹೊರತು ನಾಟಕದ ಗೂನು ಇದ್ದಿರಲಾರದು. ಅಳತೆಗೆ ಹೊಲಿದ ಉಡುಪು ಅದನ್ನು ಮರೆಸಬಹುದಾಗಿತ್ತು ಎಂದು ಪರೀಕ್ಷಿಸಿದ ವಿದ್ವಾಂಸರು 2014ರಲ್ಲಿ ಬರೆದರು. ಅದೇ ಬೆನ್ನನ್ನು ಹೊತ್ತು ಅವನು 1485ರಲ್ಲಿ ರಣರಂಗದಲ್ಲಿ ಕಾದಾಡಿ ಸತ್ತ.

ಇಂದು ಇಂಥ ಬೆನ್ನನ್ನು ಬಹುಮಟ್ಟಿಗೆ ನೆಟ್ಟಗೆ ಮಾಡುವ ಶಸ್ತ್ರಚಿಕಿತ್ಸೆಯಿದೆ. ಎಲ್ಲಿ, ಹೇಗೆ ಕೊಯ್ಯಬೇಕೆಂಬುದು ಶಸ್ತ್ರವೈದ್ಯರಿಗೆ ಬಿಟ್ಟ ವಿಷಯ. ಆದರೆ ಯಾರ ಒಳಿತಿಗಾಗಿ ಕೊಯ್ಯಬೇಕು, ಯಾರನ್ನು ಕೇಳಿ ಕೊಯ್ಯಬೇಕು ಎಂಬವು ನಮ್ಮೆಲ್ಲರ ಪ್ರಶ್ನೆಗಳು. ಏಕೆಂದರೆ ಆ ಮಗುವನ್ನು ವೈದ್ಯನ ಬಾಗಿಲಿಗೆ ಅಟ್ಟುವುದರಲ್ಲಿ ನಮ್ಮ ಮಾತಿಗೂ ನಮ್ಮ ನೋಟಕ್ಕೂ ಪಾಲಿದೆ.

ಮೊದಲು ರೋಗದ ಸ್ವರೂಪವನ್ನು ತಿಳಿಯೋಣ. ಆರೋಗ್ಯವಂತನ ಬೆನ್ನುಮೂಳೆ ಹಿಂದಿನಿಂದ ನೋಡಿದರೆ ನೇರ. ಪಕ್ಕದಿಂದ ನೋಡಿದರೆ ಕೊರಳಲ್ಲಿ ಮುಂದಕ್ಕೆ, ಎದೆಯ ಭಾಗದಲ್ಲಿ ಹಿಂದಕ್ಕೆ, ಸೊಂಟದಲ್ಲಿ ಮತ್ತೆ ಮುಂದಕ್ಕೆ ಬಳುಕಿದೆ. ಈ ಬಳುಕು ಇರುವುದರಿಂದಲೇ ನಾವು ಹೆಚ್ಚು ದಣಿಯದೆ ನಿಲ್ಲಬಲ್ಲೆವು. ಸ್ಕೋಲಿಯೋಸಿಸ್ ಎಂಬ ವಿಕಾರದಲ್ಲಿ ಬೆನ್ನಿನ ಮಣಿಗಳು ಪಕ್ಕಕ್ಕೆ ಸರಿಯುವುದಲ್ಲದೆ ಹಗ್ಗ ಹೊಸೆದಂತೆ ತಿರುಚಿಕೊಳ್ಳುತ್ತವೆ. ಅವಕ್ಕೆ ಸೇರಿದ ಪಕ್ಕೆಲುಬುಗಳೂ ಜೊತೆಗೆ ತಿರುಗಿ ಬೆನ್ನಿನ ಒಂದು ಮಗ್ಗುಲಲ್ಲಿ ಉಬ್ಬುತ್ತವೆ. ಜನ ಗೂನೆಂದು ಕಾಣುವುದು ಈ ಉಬ್ಬನ್ನು. ಬಾಗಿನ ಕೋನವನ್ನು ಕ್ಷಕಿರಣ ಚಿತ್ರದ ಮೇಲೆ ಅಳೆಯುವ ಕ್ರಮವನ್ನು ಅಮೆರಿಕದ ಜಾನ್ ಕಾಬ್ ಎಂಬ ವೈದ್ಯ 1948ರಲ್ಲಿ ಪ್ರಕಟಿಸಿದ. ಇಂದಿಗೂ ಅದೇ ಬಳಕೆಯಲ್ಲಿದೆ. 10 ಡಿಗ್ರಿಗಿಂತ ಕಡಮೆಯಿದ್ದರೆ ಅದು ರೋಗವಲ್ಲ. ಹರೆಯದ ಮಕ್ಕಳಲ್ಲಿ ನೂರಕ್ಕೆ ಎರಡು ಮೂರು ಮಂದಿಗೆ ಅಷ್ಟೋ ಇಷ್ಟೋ ಬಾಗು ಇರುತ್ತದೆ. ಅವರಲ್ಲಿ ಬಹು ಮಂದಿಗೆ ಯಾವ ಚಿಕಿತ್ಸೆಯೂ ಬೇಡ. 45–50 ಡಿಗ್ರಿ ದಾಟಿದ ಮೇಲೆ ಶಸ್ತ್ರಚಿಕಿತ್ಸೆಯ ಮಾತು ಬರುತ್ತದೆ. ಬಾಗು ನೂರು ಡಿಗ್ರಿಯನ್ನು ಮುಟ್ಟುವ ಹೊತ್ತಿಗೆ ಎದೆಗೂಡು ಇಕ್ಕಟ್ಟಾಗಿ, ಶ್ವಾಸಕೋಶಕ್ಕೆ ಅರಳಲು ಎಡೆಯಿಲ್ಲದೆ, ನಾಲ್ಕು ಮೆಟ್ಟಿಲು ಹತ್ತುವುದೇ ಏದುಸಿರಾಗಬಹುದು. ಎಳೆಯ ಕೂಸಿನಲ್ಲೇ ಬಾಗು ತೊಡಗಿ ಬೆಳೆಯುತ್ತ ಹೋದರೆ ಆಯುಸ್ಸೇ ಕುಗ್ಗಬಹುದು.

ಹರೆಯದಲ್ಲಿ ಕಾಣಿಸಿಕೊಳ್ಳುವ ಈ ಬಾಗಿಗೆ ಹೆಚ್ಚಿನವರಲ್ಲಿ ಕಾರಣ ತಿಳಿದಿಲ್ಲ. ಸೊಟ್ಟಗೆ ಕುಳಿತದ್ದರಿಂದಲೋ ಭಾರದ ಚೀಲ ಹೊತ್ತದ್ದರಿಂದಲೋ ಇದು ಬರುವುದಿಲ್ಲ. ಆದುದರಿಂದ ಶಾಲೆಯ ಮೈದಾನದಲ್ಲಿ ಡ್ರಿಲ್ ಮಾಸ್ತರರು ‘ನೆಟ್ಟಗೆ ನಿಲ್ಲು’ ಎಂದು ಗದರಿದಾಗ ಆ ಮಗು ಮಾಡಲಾಗದ್ದನ್ನು ಮಾಡಲಿಲ್ಲವೆಂದು ಬೈಸಿಕೊಳ್ಳುತ್ತದೆ. ತಪ್ಪಿಲ್ಲದ ಕಡೆ ತಪ್ಪನ್ನು ಕಾಣುವ ನಮ್ಮ ಅಭ್ಯಾಸ ಇಲ್ಲಿಂದಲೇ ಮೊದಲಾಗುತ್ತದೆ.

ವೈದ್ಯಶಾಸ್ತ್ರವೂ ಈ ಅಭ್ಯಾಸದಿಂದ ಸುಲಭವಾಗಿ ಬಿಡಿಸಿಕೊಂಡಿಲ್ಲ. ಮೂಳೆ ಕೀಲುಗಳ ವೈದ್ಯಕ್ಕೆ ‘ಆರ್ಥೊಪೀಡಿಕ್ಸ್’ ಎಂಬ ಹೆಸರು ಬಂದದ್ದು ನಿಕೊಲಾ ಆಂಡ್ರಿ ಎಂಬ ಫ್ರೆಂಚ್ ವೈದ್ಯನ ಪುಸ್ತಕದಿಂದ. ಆ ಪುಸ್ತಕ ಅಚ್ಚಾದದ್ದು 1741ರಲ್ಲಿ. ಗ್ರೀಕ್ ಭಾಷೆಯಲ್ಲಿ ‘ಆರ್ಥೊಸ್’ ಎಂದರೆ ನೇರವಾದದ್ದು, ‘ಪೈಡಿಯನ್’ ಎಂದರೆ ಮಗು. ಎರಡನ್ನೂ ಕೂಡಿಸಿ ಅವನು ಈ ಹೆಸರು ಕಟ್ಟಿದ. ಅದರಲ್ಲಿರುವ ಒಂದು ಚಿತ್ರ ಈಗಲೂ ಪ್ರಪಂಚದಾದ್ಯಂತ ಆ ವಿದ್ಯೆಯ ಲಾಂಛನ: ಸೊಟ್ಟಗೆ ಬೆಳೆದ ಎಳೆಮರವನ್ನು ನೆಟ್ಟಗಿನ ಗೂಟಕ್ಕೆ ಹಗ್ಗದಿಂದ ಬಿಗಿದು ಕಟ್ಟಿರುವುದು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಎಂಬ ನಮ್ಮ ಗಾದೆಯೂ ಇದೇ ಜಾತಿಯದು. ಗಾದೆ ಬಗ್ಗಿಸುವ ಮಾತಾಡುತ್ತದೆ, ಆಂಡ್ರಿಯ ಚಿತ್ರ ನೆಟ್ಟಗೆ ಮಾಡುವ ಮಾತಾಡುತ್ತದೆ. ಗಿಡದ ಇಷ್ಟವೇನೆಂದು ಎರಡೂ ಕೇಳುವುದಿಲ್ಲ. ಗಿಡವನ್ನು ಕೇಳಬೇಕಾಗಿಯೂ ಇಲ್ಲ. ಮಗುವಿನ ವಿಷಯ ಹಾಗಲ್ಲ.

ಇದಕ್ಕೂ ಬಹಳ ಹಿಂದೆ ಗ್ರೀಸಿನಲ್ಲಿ ಗೂನು ತಿದ್ದುವ ಒಂದು ವಿಧಾನವಿತ್ತು. ರೋಗಿಯನ್ನು ಏಣಿಗೆ ಬಿಗಿದು, ಎತ್ತರದಿಂದ ಆ ಏಣಿಯನ್ನು ನೆಟ್ಟಗೆ ನೆಲಕ್ಕೆ ಬೀಳಿಸಿ ಕುಲುಕುವುದು! ಹಿಪ್ಪೊಕ್ರಾಟಿಸನ ಹೆಸರಿನಲ್ಲಿರುವ ಕೀಲುಗಳ ಕುರಿತ ಗ್ರಂಥದಲ್ಲಿ ಇದರ ವಿವರವಿದೆ. ತಾನು ಕಂಡಂತೆ ಇದರಿಂದ ನೆಟ್ಟಗಾದವರು ಯಾರೂ ಇಲ್ಲ, ಗುಂಪಿನ ಜನ ಬಾಯ್ಬಿಟ್ಟು ನೋಡಲೆಂದು ಬಯಸುವ ವೈದ್ಯರೇ ಇದನ್ನು ಹೆಚ್ಚಾಗಿ ಮಾಡುತ್ತಾರೆ ಎಂಬುದು ಆ ಗ್ರಂಥಕಾರನ ಅಭಿಪ್ರಾಯ. ಗೂನಿನ ಕೆಳಗೆ ತೊಗಲಿನ ಚೀಲವನ್ನಿಟ್ಟು ಗಾಳಿಯೂದಿ ನೋಡಿ ತಾನೇ ಸೋತ ಸಂಗತಿಯನ್ನೂ ಅವನು ಹೇಳುತ್ತಾನೆ. ಏನು ಮಾಡಿ ಏಕೆ ಸೋತೆವೆಂಬುದನ್ನು ಬಲ್ಲವರು ಬರೆದಿಡಬೇಕು ಎಂಬುದು ಅವನ ಮತ. ಎರಡು ಸಾವಿರ ವರ್ಷಕ್ಕೂ ಹಳೆಯದಾದ ಈ ಪುಟದಲ್ಲಿ ನಮಗೆ ಬೇಕಾದ ವಿವೇಕ ಅರ್ಧದಷ್ಟಿದೆ. ಬೆನ್ನು ತಿದ್ದುವವನ ಕಣ್ಣು ಗುಂಪಿನ ಕಡೆ ತಿರುಗಿದರೆ ರೋಗಿ ಅವನ ಕೈಯಲ್ಲಿ ಆಟದ ವಸ್ತುವಾಗುತ್ತಾನೆ.

ಈಗಿನ ಶಸ್ತ್ರಚಿಕಿತ್ಸೆ ಹುಟ್ಟಿದ್ದು ಪ್ರದರ್ಶನದ ಆಸೆಯಿಂದ ಅಲ್ಲ, ಉಸಿರಿನ ಸಂಕಟದಿಂದ. ನ್ಯೂಯಾರ್ಕಿನ ರಸೆಲ್ ಹಿಬ್ಸ್ 1911ರಲ್ಲಿ ಬೆನ್ನಿನ ಮಣಿಗಳನ್ನು ಒಂದಕ್ಕೊಂದು ಬೆಸೆದುಬಿಡುವ ಕ್ರಮವನ್ನು ಮೊದಲು ಕ್ಷಯರೋಗಿಗಳಲ್ಲಿ ಬಳಸಿದ. ಕೆಲವೇ ವರ್ಷಗಳಲ್ಲಿ ಅದು ಪಕ್ಕಕ್ಕೆ ಬಾಗಿದ ಬೆನ್ನಿಗೂ ಬಂತು. ರೋಗಿಗಳು ತಿಂಗಳುಗಟ್ಟಲೆ ಗಾರೆಯ ಕವಚದಲ್ಲಿ ಮಲಗಿರಬೇಕಾಗಿತ್ತು. ಆಮೇಲೆ ಅಮೆರಿಕದಲ್ಲಿ ಪೋಲಿಯೊ ಪಿಡುಗು ಬಂತು. ಸ್ನಾಯುಗಳು ಸೋತು ಬೆನ್ನು ಕುಸಿದ ಮಕ್ಕಳು ಟೆಕ್ಸಾಸಿನ ಹ್ಯೂಸ್ಟನ್ ನಗರದಲ್ಲಿ ಪಾಲ್ ಹ್ಯಾರಿಂಗ್ಟನ್ ಎಂಬ ವೈದ್ಯರ ಬಳಿಗೆ ಬಂದರು. ಮೊದಲೇ ಉಸಿರಾಟ ದುರ್ಬಲವಾಗಿದ್ದ ಆ ಮಕ್ಕಳಿಗೆ ಗಾರೆಯ ಕವಚ ಬಿಗಿಯುವಂತಿರಲಿಲ್ಲ. ಆದುದರಿಂದ ಅವರು ಕವಚವನ್ನು ಮೈಯೊಳಗೇ ಇಡಲು ಹೊರಟರು: ಮೇಲೊಂದು ಕೆಳಗೊಂದು ಕೊಕ್ಕೆ, ನಡುವೆ ಉಕ್ಕಿನ ಸರಳು. ಕಾರಿನ ಚಕ್ರ ಬದಲಿಸುವಾಗ ಕೆಳಗಿಡುವ ಜಾಕಿನಂತೆ ಹಲ್ಲುಹಲ್ಲಾಗಿ ಏರಿಸಿದರೆ ಬಾಗು ಹಿಗ್ಗಿ ನೆಟ್ಟಗಾಗುತ್ತದೆ. ಮೊದಮೊದಲು ಸರಳುಗಳು ಮುರಿದವು, ಕೊಕ್ಕೆಗಳು ಕಳಚಿದವು. ಸರಳಿನ ಜೊತೆಗೆ ಮಣಿಗಳನ್ನೂ ಬೆಸೆಯಬೇಕೆಂದು ಕಲಿತ ಬಳಿಕ, 1962ರಲ್ಲಿ ಹ್ಯಾರಿಂಗ್ಟನ್ ತಮ್ಮ ಕ್ರಮವನ್ನು ಪ್ರಕಟಿಸಿದರು. ಮುಂದೆ ಎರಡು ದಶಕಗಳಿಗೂ ಹೆಚ್ಚು ಕಾಲ ಪ್ರಪಂಚದ ಬಹುಭಾಗ ಅದನ್ನೇ ಅನುಸರಿಸಿತು.

ಆದರೆ ಅದರಿಂದ ಮತ್ತೊಂದು ಪಾಠ ಬಂತು. ಎರಡು ತುದಿ ಹಿಡಿದು ಎಳೆಯುವ ಸರಳು ಪಕ್ಕದ ಬಾಗನ್ನು ತಿದ್ದುವಾಗ, ಸೊಂಟದ ಸಹಜವಾದ ಬಳುಕನ್ನೂ ಚಪ್ಪಟೆ ಮಾಡಿಬಿಡುತ್ತಿತ್ತು. ಸೊಂಟದ ಕೆಳಭಾಗದವರೆಗೆ ಬೆಸೆದವರಲ್ಲಿ ಎಷ್ಟೋ ಮಂದಿ ವರ್ಷಗಳು ಕಳೆದಂತೆ ಮುಂದಕ್ಕೆ ವಾಲಿ, ಮಂಡಿ ಮಡಿಸಿಕೊಂಡೇ ನಿಲ್ಲುವಂತಾದರು. ನೋವು ಬಂತು, ಕೆಲವರಿಗೆ ಮತ್ತೆ ಕೊಯ್ಯಬೇಕಾಯಿತು. ಅತಿಯಾಗಿ ನೆಟ್ಟಗಾದ ಬೆನ್ನೂ ಒಂದು ರೋಗವೇ ಎಂದು ವೈದ್ಯರು ಹೆಸರಿಟ್ಟು ಗುರುತಿಸಿದರು. ಈಗ ತಿರುಪುಗಳಿಂದ ಮಣಿಮಣಿಯನ್ನೂ ಹಿಡಿದು, ತಿರುಚನ್ನು ಬಿಡಿಸಿ, ಸೊಂಟದ ಬಳುಕನ್ನು ಉಳಿಸುತ್ತಾರೆ. ಇಂದಿನ ಶಸ್ತ್ರವೈದ್ಯನನ್ನು ಕೇಳಿದರೆ, ಗೆರೆ ಎಳೆದಂತೆ ನೆಟ್ಟಗಾಗುವುದು ಮುಖ್ಯವಲ್ಲ, ತಲೆ ಸೊಂಟದ ಮೇಲೆ ಸಮತೂಕವಾಗಿ ಕೂರುವುದು ಮುಖ್ಯ ಎನ್ನುತ್ತಾನೆ. ಭಾಷೆ ಇನ್ನೂ ಕಲಿಯದ ಈ ಪಾಠವನ್ನು ಉಳಿ ಹಿಡಿದವರು ಕಲಿತಿದ್ದಾರೆ.

ಇನ್ನು ನೀತಿಯ ಪ್ರಶ್ನೆಗೆ ಬರೋಣ. ಬೆನ್ನನ್ನು ತಿದ್ದಿಸಿಕೊಳ್ಳಲು ಎರಡು ಬಗೆಯ ಕಾರಣಗಳುಂಟು. ಒಂದು, ಉಸಿರು ಮತ್ತು ಆಯುಸ್ಸು. ಕೂಸಿನ ಎದೆಗೂಡು ಮುದುಡುತ್ತಿರುವಾಗ, ಬಾಗು ನೂರನ್ನು ದಾಟಿ ಏರುತ್ತಿರುವಾಗ, ‘ದೇವರು ಕೊಟ್ಟ ದೇಹ, ಇದ್ದ ಹಾಗೆ ಇರಲಿ’ ಎನ್ನುವುದು ವೈರಾಗ್ಯವಲ್ಲ, ಹೊಣೆಗೇಡಿತನ. ಇಲ್ಲಿ ವಾದಕ್ಕೆ ಹೆಚ್ಚು ಎಡೆಯಿಲ್ಲ. ಎರಡನೆಯದು, ನೋಡುವವರ ಕಣ್ಣು. ಅಮೆರಿಕದ ಅಯೋವಾದಲ್ಲಿ ಚಿಕಿತ್ಸೆ ಪಡೆಯದೇ ಇದ್ದ 117 ಮಂದಿಯನ್ನು ಐವತ್ತು ವರ್ಷಗಳ ಬಳಿಕ ಪರೀಕ್ಷಿಸಿದ ವರದಿ 2003ರಲ್ಲಿ ಬಂತು. ಇವರೆಲ್ಲ ಹರೆಯದಲ್ಲಿ ಬಾಗು ಕಾಣಿಸಿಕೊಂಡವರು. ಬೆನ್ನುನೋವು ಇವರಲ್ಲಿ ಉಳಿದವರಿಗಿಂತ ಹೆಚ್ಚಾಗಿತ್ತು; ಎದೆಯ ಭಾಗದ ಬಾಗು 80 ಡಿಗ್ರಿ ಮೀರಿದವರಿಗೆ ಉಸಿರಿನ ತೊಂದರೆಯಿತ್ತು; ತಮ್ಮ ಮೈಯ ರೂಪದ ಬಗೆಗೆ ಹಲವರಿಗೆ ಅಸಮಾಧಾನವಿತ್ತು. ಆದರೂ ಹೆಚ್ಚಿನವರು ದುಡಿದು, ಸಂಸಾರ ನಡೆಸಿ, ಎಲ್ಲರಷ್ಟೇ ಬಾಳಿದ್ದರು. ಎಂದಮೇಲೆ ಐವತ್ತು ಅರುವತ್ತು ಡಿಗ್ರಿಯ ಬಾಗಿರುವ ಹದಿನಾಲ್ಕರ ಹುಡುಗಿಯನ್ನು ಕೊಯ್ಯುವ ನಿರ್ಧಾರದಲ್ಲಿ, ಮುಂದೆ ಬಾಗು ಏರೀತೆಂಬ ನ್ಯಾಯವಾದ ಭಯದ ಜೊತೆಗೆ, ಜನ ಏನೆಂದಾರು ಎಂಬುದೂ ಬೆರೆತಿರುತ್ತದೆ. ಬೇಗಬೇಗ ಏರುವ ಬಾಗು ಹೆಣ್ಣುಮಕ್ಕಳಲ್ಲೇ ಹೆಚ್ಚು. ನಮ್ಮ ಮನೆಗಳಲ್ಲಿ ಆಗ ಮೊದಲು ಏಳುವ ಮಾತು ಮದುವೆಯದು.

ಇದಕ್ಕೆ ಕೆಲವರು ಚುರುಕಾದ ಉತ್ತರ ಕೊಡುತ್ತಾರೆ: ಕೊಯ್ಯಬೇಕಾದದ್ದು ಹುಡುಗಿಯ ಬೆನ್ನನ್ನಲ್ಲ, ಸಮಾಜದ ಕಣ್ಣಿನ ಪೊರೆಯನ್ನು, ಎಂದು. ಮಾತು ಚೆನ್ನಾಗಿದೆ, ಆದರೆ ಅದರ ವೆಚ್ಚವನ್ನು ತೆರುವವರಾರು? ಸಮಾಜ ತಿದ್ದಿಕೊಳ್ಳುವ ತನಕ ಆ ಹುಡುಗಿ ನಮ್ಮ ತತ್ತ್ವದ ಧ್ವಜವಾಗಿ ಗೂನು ಹೊತ್ತು ನಿಂತಿರಬೇಕೆ? ತನಗೆ ಬೇಕಾದ ರವಿಕೆ ತೊಡಲು, ಬಸ್ಸಿನಲ್ಲಿ ಯಾರೂ ತಿರುಗಿ ನೋಡದಂತೆ ಕುಳಿತಿರಲು ಅವಳು ಬಯಸಿದರೆ ಅದು ಅಲ್ಪ ಬಯಕೆಯಲ್ಲ. ಹೊರಗಿನಿಂದ ನೆಟ್ಟಗಾಗು ಎನ್ನುವವನೂ ಹೀಗೇ ಇರು ಎನ್ನುವವನೂ ಒಂದು ವಿಷಯದಲ್ಲಿ ಸಮಾನರು: ಇಬ್ಬರೂ ಅವಳನ್ನು ಕೇಳಿಲ್ಲ.

ಹಾಗಾದರೆ ಯಾವಾಗ ತಿದ್ದುವುದು ನ್ಯಾಯ? ಇಲ್ಲಿ ನಮ್ಮ ಎರಡು ಹಳೆಯ ಕಥೆಗಳು ನೆರವಾಗುತ್ತವೆ. ಭಾಗವತದ ಕುಬ್ಜೆ ಮಥುರೆಯ ಬೀದಿಯಲ್ಲಿ ಕಂಸನಿಗೆ ಗಂಧ ಒಯ್ಯುತ್ತಿದ್ದಳು. ಬೇಡಿದ ಕೃಷ್ಣನಿಗೆ ಪ್ರೀತಿಯಿಂದ ಅದನ್ನು ಕೊಟ್ಟಳು. ಅವನು ಅವಳ ಪಾದಗಳನ್ನು ತನ್ನ ಪಾದಗಳಿಂದ ಒತ್ತಿಹಿಡಿದು, ಗಲ್ಲಕ್ಕೆ ಬೆರಳಿಟ್ಟು ಮೇಲೆತ್ತಿದ. ಮೂರು ಕಡೆ ಡೊಂಕಾಗಿದ್ದ ಮೈ ನೆಟ್ಟಗಾಯಿತು. ಕೆಳಗೆ ಹಿಡಿದು ಮೇಲಕ್ಕೆ ಎಳೆಯುವುದು: ಶಸ್ತ್ರವೈದ್ಯರು ಇಂದಿಗೂ ಬಳಸುವ ತತ್ತ್ವ. ಇನ್ನೊಂದು, ಮಹಾಭಾರತದ ವನಪರ್ವದ ಅಷ್ಟಾವಕ್ರ. ತಾಯಿಯ ಗರ್ಭದಲ್ಲಿದ್ದುಕೊಂಡೇ ತಂದೆಯ ತಪ್ಪನ್ನು ಎತ್ತಿ ತೋರಿಸಿದನೆಂದು ಆ ತಂದೆಯೇ ಶಪಿಸಿದ. ಮಗು ಎಂಟು ಕಡೆ ಡೊಂಕಾಗಿ ಹುಟ್ಟಿತು. ಅದೇ ಹುಡುಗ ಜನಕನ ಸಭೆಗೆ ಹೋಗಿ, ವಾದದಲ್ಲಿ ಬಂದಿಯನ್ನು ಗೆದ್ದು, ಸೋತು ನೀರುಪಾಲಾಗಿದ್ದ ತಂದೆಯನ್ನು ಬಿಡಿಸಿ ತಂದ. ನಮಗೆ ನೆನಪಿರುವುದು ಇಷ್ಟೆ. ಕಥೆ ಇನ್ನೂ ಒಂದು ಹೆಜ್ಜೆ ಹೋಗುತ್ತದೆ: ತಂದೆಯ ಮಾತಿನಂತೆ ಅವನು ಸಮಂಗಾ ನದಿಯಲ್ಲಿ ಮುಳುಗೆದ್ದಾಗ ಅಂಗಾಂಗಗಳೆಲ್ಲ ನೆಟ್ಟಗಾದವು.

ಈ ಕಥೆಯಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಎಂಬುದನ್ನು ನೋಡಬೇಕು. ಸಭೆಯ ಮನ್ನಣೆ ಅವನಿಗೆ ದೊರೆತದ್ದು ಡೊಂಕು ಮೈಯಲ್ಲೇ. ನದಿ ಬಂದದ್ದು ಆಮೇಲೆ. ನದಿಯಲ್ಲಿ ಮುಳುಗಿ ನೆಟ್ಟಗಾದ ಮೇಲೆ ಸಭೆಗೆ ಬಾ ಎಂದು ಜನಕನು ಹೇಳಿದ್ದರೆ ಕಥೆಯ ನೀತಿಯೇ ಕೆಡುತ್ತಿತ್ತು. ನನ್ನ ಮಟ್ಟಿಗೆ ಪ್ರಶ್ನೆಯ ಉತ್ತರ ಈ ಕ್ರಮದಲ್ಲಿದೆ. ಮಗು ಬಾಗಿದ ಬೆನ್ನಿನಲ್ಲೇ ಪೂರ್ಣ ಮನುಷ್ಯನೆಂದು ಮನ್ನಣೆ ಪಡೆದಿದ್ದರೆ ಶಸ್ತ್ರಚಿಕಿತ್ಸೆ ಅದಕ್ಕೆ ಉಪಕಾರ. ಮನ್ನಣೆಗೆ ತೆರಬೇಕಾದ ಸುಂಕವಾಗಿ ಬಂದರೆ ಅದೇ ಚಿಕಿತ್ಸೆ ದಂಡನೆಯಾಗುತ್ತದೆ. ಉಪಕರಣ ಒಂದೇ, ವೈದ್ಯನೂ ಒಬ್ಬನೇ. ಎರಡರ ನಡುವಣ ವ್ಯತ್ಯಾಸ ನಮ್ಮ ನಡತೆಯಲ್ಲಿದೆ.

ಕೇಳುವುದು ಎಂದೆನಷ್ಟೆ. ಹನ್ನೆರಡರ ಮಗುವನ್ನು ಹೇಗೆ ಕೇಳುವುದು? ಬಾಗು ಕಾಯುವುದಿಲ್ಲ, ಮೈ ಬೆಳೆಯುವ ವರ್ಷಗಳಲ್ಲೇ ಅದು ಏರುತ್ತದೆ. ಬೆಸೆದ ಭಾಗ ಮತ್ತೆಂದೂ ಬಾಗುವುದಿಲ್ಲ, ಅಲ್ಲಿ ಬೆಳವಣಿಗೆಯೂ ನಿಲ್ಲುತ್ತದೆ. ಬೆನ್ನುಹುರಿಗೆ ಪೆಟ್ಟಾಗಿ ಕಾಲು ಸ್ವಾಧೀನ ತಪ್ಪುವ ಅಪಾಯ ಸಾಮಾನ್ಯ ಬಾಗಿನಲ್ಲಿ ನೂರಕ್ಕೆ ಒಂದಕ್ಕಿಂತ ಕಡಮೆ. ತೀವ್ರವಾದ ಬಾಗಿನಲ್ಲಿ ಅದಕ್ಕಿಂತ ಹೆಚ್ಚು. ಇದನ್ನೆಲ್ಲ ತೂಗಿ ನೋಡಿ ಒಪ್ಪಿಗೆಯ ಕಾಗದಕ್ಕೆ ರುಜು ಹಾಕುವವರು ತಂದೆತಾಯಿ. ‘ರುಜು’ ‘ಋಜು’ ಎರಡರ ಮೂಲ ಒಂದೇ ಎಂದು ನಾನು ವಾದಿಸುವುದಿಲ್ಲ. ಕಿವಿಗೆ ಒಂದೇ ಆಗಿ ಕೇಳುವುದರಿಂದ ಆ ರುಜುವೂ ಋಜುವಾಗಿರಲಿ ಎಂದು ಹಾರೈಸಬಹುದು. ನಿರ್ಧಾರದ ಭಾರವನ್ನು ಮಗುವಿನ ತಲೆಗೆ ಕಟ್ಟುವುದು ಸಲ್ಲದು. ಆದರೆ ಏನು ಮಾಡುತ್ತಾರೆ, ಎಷ್ಟು ನೋಯುತ್ತದೆ, ಮುಂದೆ ಯಾವುದನ್ನು ಮಾಡಲಾಗದು ಎಂಬುದನ್ನು ಅದಕ್ಕೆ ತಿಳಿಯುವ ಮಾತಿನಲ್ಲಿ ಹೇಳಿ, ಅದರ ಅಂಜಿಕೆಯನ್ನೂ ಆಸೆಯನ್ನೂ ಕೇಳಿಸಿಕೊಂಡ ಮೇಲೆ ಹಾಕಿದ ರುಜುವೇ ಬೇರೆ. ನೆಂಟರಿಷ್ಟರ ಬಾಯಿಗೆ ಹೆದರಿ ಹಾಕಿದ ರುಜುವೇ ಬೇರೆ.

ಶಸ್ತ್ರವೈದ್ಯದಲ್ಲೇ ಇದಕ್ಕೊಂದು ಅಪೂರ್ವವಾದ ಮಾದರಿಯಿದೆ. 1973ರಲ್ಲಿ ಫ್ರಾನ್ಸಿನ ಸ್ಟಾನ್ಯಾರಾ ಮತ್ತವರ ಸಂಗಡಿಗರು ಒಂದು ಪರೀಕ್ಷೆಯನ್ನು ಪ್ರಕಟಿಸಿದರು. ಬೆನ್ನು ತೆರೆದಿರುವಾಗಲೇ, ಸರಳು ಹಾಕಿ ಬಾಗನ್ನು ತಿದ್ದಿದ ಮೇಲೆ, ಅರಿವಳಿಕೆಯನ್ನು ತುಸು ಹಗುರ ಮಾಡಿ ರೋಗಿಯನ್ನು ಕೂಗಿ ಎಬ್ಬಿಸುತ್ತಾರೆ. ‘ಕೈ ಅಲುಗಿಸು’ ಎನ್ನುತ್ತಾರೆ. ಆಮೇಲೆ ‘ಕಾಲು ಅಲುಗಿಸು’ ಎನ್ನುತ್ತಾರೆ. ಕೈ ಅಲುಗಿ ಕಾಲು ಅಲುಗದಿದ್ದರೆ ಬೆನ್ನುಹುರಿ ಸಂಕಟದಲ್ಲಿದೆಯೆಂದು ತಿಳಿದು ಎಳೆತವನ್ನು ಕೂಡಲೇ ಸಡಿಲಿಸುತ್ತಾರೆ. ರೋಗಿ ಮತ್ತೆ ನಿದ್ದೆಹೋಗುತ್ತಾನೆ. ಎಚ್ಚತ್ತ ಮೇಲೆ ಇದರ ನೆನಪು ಸಾಮಾನ್ಯವಾಗಿ ಇರುವುದಿಲ್ಲ. ಇಂದು ಹೆಚ್ಚಾಗಿ ವಿದ್ಯುತ್ ಸಂಕೇತಗಳಿಂದ ಬೆನ್ನುಹುರಿಯ ಮೇಲೆ ಕಣ್ಣಿಡುತ್ತಾರೆ. ಸಂದೇಹ ಬಂದರೆ ಈ ಹಳೆಯ ಪರೀಕ್ಷೆಯೇ ನೆರವಿಗೆ ಬರುತ್ತದೆ. ಎಷ್ಟು ತಿದ್ದಬಹುದೆಂಬ ಮಿತಿಯನ್ನು ಅಲ್ಲಿ ಗೊತ್ತುಮಾಡುವುದು ಕೋನದ ಅಳತೆಯಲ್ಲ, ಮಲಗಿರುವವನು ಕೊಡುವ ಉತ್ತರ. ಕೊಯ್ಯುವ ಕೋಣೆಯಲ್ಲಿ ಪಾಲಿಸುವ ಈ ನಿಯಮವನ್ನು ಅದರ ಹೊರಗಿರುವ ನಾವೇಕೆ ಪಾಲಿಸಬಾರದು?

ಕೊನೆಯದಾಗಿ ನ್ಯಾಯದ ಮಾತೊಂದಿದೆ. ನೂರು ಡಿಗ್ರಿ ದಾಟಿದ ಬೆನ್ನುಗಳು ಹೆಚ್ಚಾಗಿ ಉಳಿದಿರುವುದು ಬಡವರಲ್ಲಿ. ಬಾಗು ಸಣ್ಣದಿರುವಾಗ ಕಂಡುಹಿಡಿದು ಗಟ್ಟಿಯಾದ ಕವಚ ತೊಡಿಸಿದರೆ ಅನೇಕರಿಗೆ ಶಸ್ತ್ರಚಿಕಿತ್ಸೆಯೇ ಬೇಡವಾಗುತ್ತದೆ. 2013ರ ಒಂದು ಪ್ರಯೋಗದಲ್ಲಿ ಕವಚ ತೊಟ್ಟವರಲ್ಲಿ ನೂರಕ್ಕೆ 72 ಮಂದಿಯ ಬಾಗು ಶಸ್ತ್ರಚಿಕಿತ್ಸೆಯ ಮಟ್ಟಕ್ಕೇರದೆ ನಿಂತಿತು, ತೊಡದವರಲ್ಲಿ 48. ಬೆನ್ನುಮೂಳೆಯ ಕ್ಷಯದಿಂದ ಬರುವ ಗೂನನ್ನು, ನಮ್ಮ ದೇಶದಲ್ಲಿ ಇಂದಿಗೂ ಕಾಣುವ ಗೂನನ್ನು, ಬೇಗ ಕಂಡುಹಿಡಿದರೆ ಔಷಧದಿಂದಲೇ ಬಹುಮಟ್ಟಿಗೆ ತಡೆಯಬಹುದು. ಆಫ್ರಿಕದ ಇಥಿಯೋಪಿಯದಲ್ಲಿ ಅಮೆರಿಕದ ವೈದ್ಯ ರಿಕ್ ಹೋಡಿಸ್ ಅವರ ಬಳಿಗೆ ಬರುವ ಮಕ್ಕಳ ಬೆನ್ನು ಎಷ್ಟೋ ಸಲ ಮಡಿಸಿದಂತೆಯೇ ಇರುತ್ತದೆ. ಅಂಥ ಹಲವರನ್ನು ಅವರು ಘಾನಾ ದೇಶದ ಅಕ್ರಾ ನಗರಕ್ಕೆ ಕಳುಹಿಸಿದ್ದಾರೆ. ಅಲ್ಲಿ ಒಹೆನೆಬಾ ಬೋಆಚಿ-ಅಜೆಯಿ ಎಂಬ ಶಸ್ತ್ರವೈದ್ಯರು 1998ರಲ್ಲಿ ಸ್ಥಾಪಿಸಿದ ಸಂಸ್ಥೆಯ ಆಸ್ಪತ್ರೆ 2012ರಲ್ಲಿ ತೆರೆಯಿತು. ತಲೆಬುರುಡೆಗೆ ಬಿಗಿದ ಬಳೆಯಿಂದ ವಾರಗಟ್ಟಲೆ, ತಿಂಗಳುಗಟ್ಟಲೆ ಮೆಲ್ಲಮೆಲ್ಲನೆ ಮೇಲಕ್ಕೆಳೆದು, ಆಮೇಲೆ ಕೊಯ್ಯುತ್ತಾರೆ. ಅದು ದೊಡ್ಡ ಪುಣ್ಯದ ಕೆಲಸ. ಆದರೆ ಆ ಬೆನ್ನುಗಳು ಅಷ್ಟು ಬಾಗುವ ತನಕ ಯಾರ ಕಣ್ಣಿಗೂ ಬೀಳಲಿಲ್ಲವೆ? ಬಿದ್ದವು, ಗೂನೆಂದು ನಗಲು ಬಿದ್ದವು, ವೈದ್ಯರಿಗೆ ತೋರಿಸಲು ಬೀಳಲಿಲ್ಲ.

ಆದುದರಿಂದ ಶಸ್ತ್ರವೈದ್ಯನ ಕೆಲಸಕ್ಕೆ ಮೊದಲು ನಮ್ಮ ಕೆಲಸವಿದೆ. ಅಂಗಿ ಬದಲಿಸುವಾಗ ಮಗುವಿನ ಒಂದು ಹೆಗಲು ಮೇಲಿದೆಯೆ ಎಂದು ತಾಯಿ ನೋಡಬೇಕು. ಬಾಗಿ ನಿಂತಾಗ ಬೆನ್ನಿನ ಒಂದು ಮಗ್ಗುಲು ಉಬ್ಬಿದೆಯೆ ಎಂದು ಶಾಲೆಯಲ್ಲಿ ನೋಡಬೇಕು. ಕಂಡರೆ ಗದರದೆ, ಮರೆಮಾಡದೆ, ಬಲ್ಲವರಲ್ಲಿಗೆ ಕರೆದೊಯ್ಯಬೇಕು. ತಿದ್ದಿಸಿದರೂ ಸರಿ, ತಿದ್ದಿಸದಿದ್ದರೂ ಸರಿ, ಅಡ್ಡಹೆಸರಿನಿಂದ ಆ ಮಗುವನ್ನು ಕರೆಯದಿರಬೇಕು. ಇಷ್ಟನ್ನು ಮಾಡಲು ಉಕ್ಕಿನ ಸರಳೂ ಬೇಡ, ದುಡ್ಡೂ ಬೇಡ. ಬಾಗಿದ ಬೆನ್ನಿನಲ್ಲೇ ನಮ್ಮ ಪಂಕ್ತಿಯಲ್ಲಿ ಅಳುಕಿಲ್ಲದೆ ಕುಳಿತು ಉಣ್ಣಬಲ್ಲ ಮಗು, ತನಗೆ ಶಸ್ತ್ರಚಿಕಿತ್ಸೆ ಬೇಕೆ ಬೇಡವೆ ಎಂಬುದನ್ನು ತನ್ನ ಉಸಿರಿಗಾಗಿ, ತನ್ನ ಸುಖಕ್ಕಾಗಿ ಯೋಚಿಸೀತು. ಆಗ ಅದು ಹೇಳುವ ಹೂಂ ಎಂಬುದಕ್ಕೂ ಬೆಲೆಯಿರುತ್ತದೆ, ಉಹುಂ ಎಂಬುದಕ್ಕೂ ಬೆಲೆಯಿರುತ್ತದೆ.